ಕಡಲ ತೈಲ ಸುರಕ್ಷತೆ: ನಿಯಂತ್ರಕರ ಅಂತರರಾಷ್ಟ್ರೀಯ ಸಹಕಾರ

ಸಮುದ್ರತಳದಿಂದ ತೈಲ, ಅನಿಲ ತೆಗೆಯುವಾಗ ಸಂಭವಿಸುವ ಸ್ಫೋಟ, ಬೆಂಕಿ, ಸೋರಿಕೆಗಳನ್ನು ತಡೆಯುವ ಹೊಣೆ ಆಯಾ ಕರಾವಳಿ ದೇಶದ ನಿಯಂತ್ರಣ ಸಂಸ್ಥೆಯದು. ಈ ಸಂಸ್ಥೆಗಳು ತಪಾಸಣೆಯ ಅನುಭವವನ್ನೂ ಅಪಘಾತಗಳ ಪಾಠವನ್ನೂ ಒಂದಕ್ಕೊಂದು ತಲುಪಿಸಲು 1980ರ ದಶಕದ ಕೊನೆಯಿಂದ ಒಂದು ವ್ಯವಸ್ಥೆಯನ್ನು ಕಟ್ಟಿಕೊಂಡಿವೆ. ಅದರ ಬೆನ್ನಿಗೆ ಜಾಗತಿಕ ಒಪ್ಪಂದವೇನೂ ಇಲ್ಲ. 1958ರ ಜಿನೀವಾ ಒಪ್ಪಂದ ಖಂಡಾವರಣ ಪ್ರದೇಶದ ಸಂಪತ್ತಿನ ಹಕ್ಕನ್ನು ಕರಾವಳಿ ದೇಶಗಳಿಗೆ ಕೊಟ್ಟು, ಸ್ಥಾವರಗಳ ಸುತ್ತ 500 ಮೀಟರಿನ ಸುರಕ್ಷತಾ ವಲಯಕ್ಕೆ ಅವಕಾಶ ಮಾಡಿತು. ಅಂತರರಾಷ್ಟ್ರೀಯ ಕಡಲ ಸಂಸ್ಥೆ 1979ರಲ್ಲಿ ಚಲಿಸುವ ರಿಗ್ಗುಗಳ ನಿರ್ಮಾಣ ಮತ್ತು ಸಲಕರಣೆಗಳಿಗೆ ಸಂಹಿತೆ ರೂಪಿಸಿತು. ಬಾವಿಯ ಸುರಕ್ಷತೆ, ಸ್ಥಿರ ವೇದಿಕೆಯ ನಿರ್ವಹಣೆ ಇವೆಲ್ಲ ಆಯಾ ದೇಶದ ಕಾನೂನಿಗೇ ಉಳಿದವು.

ಉದ್ಯಮ ಮಾತ್ರ ಆಗಲೇ ಗಡಿ ದಾಟಿತ್ತು. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಮಗುಚಿದ ಅಲೆಕ್ಸಾಂಡರ್ ಕೀಲಾಂಡ್ ಫ್ರಾನ್ಸ್‌ನಲ್ಲಿ ಕಟ್ಟಿದ ರಿಗ್. ನಾರ್ವೆಯ ಒಡೆತನದ ಅದನ್ನು ಅಮೆರಿಕದ ಕಂಪನಿಯೊಂದು ಬಾಡಿಗೆಗೆ ಪಡೆದು, ಕಾರ್ಮಿಕರ ವಸತಿಗೆ ಬಳಸುತ್ತಿತ್ತು. ಬೆಸುಗೆಯ ಬಳಿ ಹುಟ್ಟಿದ ಬಿರುಕು ಬೆಳೆದು ಒಂದು ಕಾಲು ಕಳಚಿಹೋಯಿತು. 212 ಮಂದಿಯಲ್ಲಿ 123 ಮಂದಿ ಸತ್ತರು. ಎರಡೇ ವರ್ಷದಲ್ಲಿ, 1982ರ ಫೆಬ್ರವರಿ 15ರಂದು, ಜಪಾನಿನಲ್ಲಿ ಕಟ್ಟಿದ, ಅಮೆರಿಕದ ಓಷನ್ ರೇಂಜರ್ ರಿಗ್ ಕೆನಡಾದ ಕಡಲಲ್ಲಿ ಮುಳುಗಿ ಅದರಲ್ಲಿದ್ದ 84 ಮಂದಿಯೂ ತೀರಿಕೊಂಡರು. ಎರಡೂ ಪ್ರಕರಣಗಳಲ್ಲಿ ವಿವರವಾದ ತನಿಖೆ ನಡೆಯಿತು. ಆದರೆ ಒಂದು ದೇಶದ ತನಿಖಾ ವರದಿಯನ್ನು ಇನ್ನೊಂದು ದೇಶದ ತಪಾಸಕರ ಕೈಗೆ ಮುಟ್ಟಿಸುವ ಕಾಯಂ ಏರ್ಪಾಡು ಆಗ ಇರಲಿಲ್ಲ.

ಸ್ಥಿತಿಯನ್ನು ಬದಲಿಸಿದ್ದು ಪೈಪರ್ ಆಲ್ಫಾ. ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಸುಮಾರು 190 ಕಿ.ಮೀ. ದೂರದ ಈ ವೇದಿಕೆಯಲ್ಲಿ 1988ರ ಜುಲೈ 6ರಂದು ಪಂಪ್ ಒಂದರ ಸುರಕ್ಷತಾ ಕವಾಟವನ್ನು ದುರಸ್ತಿಗೆಂದು ಬಿಚ್ಚಿದ್ದರು. ಆ ವಿಷಯ ರಾತ್ರಿ ಪಾಳಿಯವರಿಗೆ ತಿಳಿದಿರಲಿಲ್ಲ. ಇನ್ನೊಂದು ಪಂಪ್ ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ಕವಾಟದ ಜಾಗಕ್ಕೆ ಹಾಕಿದ್ದ ಮುಚ್ಚಳದಿಂದ ಸೋರಿದ ಅನಿಲ ಹೊತ್ತಿಕೊಂಡಿತು. ಸುಮಾರು 20 ನಿಮಿಷದ ಬಳಿಕ ಟಾರ್ಟನ್ ವೇದಿಕೆಯಿಂದ ಅನಿಲ ತರುವ ರೈಸರ್, ಅಂದರೆ ಸಮುದ್ರತಳದಿಂದ ಮೇಲೇರುವ ಕೊಳವೆ, ಒಡೆಯಿತು. ಬೆಂಕಿ ಕಾಣುತ್ತಿದ್ದರೂ ನೆರೆಯ ವೇದಿಕೆಗಳು ಕೆಲಹೊತ್ತು ಉತ್ಪಾದನೆ ನಿಲ್ಲಿಸಲಿಲ್ಲ. ರಕ್ಷಣೆಗೆ ಬಂದ ಇಬ್ಬರೂ ಸೇರಿ 167 ಮಂದಿ ಸತ್ತರು.

ನ್ಯಾಯಾಧೀಶ ಲಾರ್ಡ್ ಕಲನ್ ಅವರ ವಿಚಾರಣಾ ವರದಿ 1990ರ ನವೆಂಬರಿನಲ್ಲಿ 106 ಶಿಫಾರಸು ಮಾಡಿತು. ನಾರ್ವೆಯ ಪದ್ಧತಿಯನ್ನೂ ಅದು ಪರಿಶೀಲಿಸಿತ್ತು. ಶಿಫಾರಸುಗಳಲ್ಲಿ ಮುಖ್ಯವಾದವು ಎರಡು. ತನ್ನ ವೇದಿಕೆಯ ಅಪಾಯಗಳೇನು, ಅವನ್ನು ಹೇಗೆ ಹತೋಟಿಯಲ್ಲಿ ಇಡಲಾಗಿದೆ ಎಂದು ಕಂಪನಿಯೇ ದಾಖಲೆ ಸಮೇತ ನಿಯಂತ್ರಕರಿಗೆ ಮನಗಾಣಿಸಬೇಕು; ಇದೇ ‘ಸೇಫ್ಟಿ ಕೇಸ್’. ಎರಡನೆಯದು, ತೈಲೋತ್ಪಾದನೆ ಹೆಚ್ಚಿಸುವ ಇಲಾಖೆಯ ಕೈಯಲ್ಲೇ ಸುರಕ್ಷತೆಯ ಹೊಣೆ ಇರಬಾರದು. 1991ರಲ್ಲಿ ಬ್ರಿಟನ್ ಆ ಹೊಣೆಯನ್ನು ಇಂಧನ ಇಲಾಖೆಯಿಂದ ತೆಗೆದು ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಗೆ ವಹಿಸಿತು.

ನಿಯಂತ್ರಕರ ನಡುವಿನ ಸಹಕಾರವೂ ಇದೇ ಹೊತ್ತಿಗೆ ರೂಪುಗೊಂಡಿತು: ಉತ್ತರ ಸಮುದ್ರದ ನಿಯಂತ್ರಕರ ಕೂಟ 1989ರಲ್ಲಿ ಆರಂಭವಾಯಿತು. 1994ರಲ್ಲಿ ಇಂಟರ್‌ನ್ಯಾಷನಲ್ ರೆಗ್ಯುಲೇಟರ್ಸ್ ಫೋರಂ ಸ್ಥಾಪನೆಯಾಯಿತು. ಬ್ರಿಟನ್, ನಾರ್ವೆ, ನೆದರ್ಲೆಂಡ್ಸ್, ಡೆನ್ಮಾರ್ಕ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್, ಮೆಕ್ಸಿಕೊ ಕಾಲಕ್ರಮದಲ್ಲಿ ಇದರಲ್ಲಿ ಸೇರಿವೆ. ಫೋರಂಗೆ ದಂಡ ವಿಧಿಸುವ ಅಧಿಕಾರವಿಲ್ಲ. ಅದರ ಅತಿ ಉಪಯುಕ್ತ ಕೆಲಸ ಮೇಲ್ನೋಟಕ್ಕೆ ಸಣ್ಣದು: ಸಾವು, ಗಾಯ, ಅನಿಲ ಸೋರಿಕೆ, ಹಡಗು ಡಿಕ್ಕಿಗಳನ್ನು ಎಲ್ಲ ದೇಶಗಳೂ ಒಂದೇ ಅಳತೆಯಲ್ಲಿ ಎಣಿಸುವಂತೆ ಮಾಡಲು ಯತ್ನಿಸುವುದು. ಯಾವುದನ್ನು ಗಂಭೀರ ಗಾಯ ಎನ್ನಬೇಕೆಂಬುದೇ ದೇಶದಿಂದ ದೇಶಕ್ಕೆ ಬೇರೆಯಾಗಿರುವಾಗ ಹೋಲಿಕೆಗೆ ಬೆಲೆಯಿಲ್ಲ.

ಈ ವ್ಯವಸ್ಥೆ ಎಷ್ಟು ದುರ್ಬಲ ಎಂಬುದು 2009–10ರಲ್ಲಿ ಬಯಲಾಯಿತು. 2009ರ ಆಗಸ್ಟ್ 21ರಂದು ಆಸ್ಟ್ರೇಲಿಯಾದ ಮೊಂಟಾರಾ ಬಾವಿ ತಳದ ಸಿಮೆಂಟ್ ಕೈಕೊಟ್ಟು ಸಿಡಿದು, ನವೆಂಬರ್ 3ರವರೆಗೆ ತೈಲ ಸೋರಿತು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿಯಲ್ಲೂ ಸಿಮೆಂಟ್ ವಿಫಲವಾಯಿತು. ಅದನ್ನು ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಝನ್ ರಿಗ್‌ನ 11 ಮಂದಿ ಸತ್ತರು. ಮೊಂಟಾರಾ ವಿಚಾರಣಾ ವರದಿ ಪ್ರಕಟವಾದದ್ದು 2010ರ ನವೆಂಬರಿನಲ್ಲಿ, ಮಕೊಂಡೊ ಸಿಡಿದು ಏಳು ತಿಂಗಳಾದ ಮೇಲೆ. ಪಾಠ ಹೊತ್ತೊಯ್ಯಲು ಫೋರಂ ಇದ್ದರೂ, ತನಿಖೆಯ ವೇಗ ಆಯಾ ಸರ್ಕಾರದ ಮರ್ಜಿಯಲ್ಲಿತ್ತು.

ಹೊಣೆ ಬೇರ್ಪಡಿಸುವ ವಿಚಾರವೂ ನಿಧಾನವಾಗಿಯೇ ಹರಡಿತು. ನಾರ್ವೆ 2004ರಲ್ಲಿ ಪ್ರತ್ಯೇಕ ಸುರಕ್ಷತಾ ಪ್ರಾಧಿಕಾರ ರಚಿಸಿತು. ಅಮೆರಿಕದಲ್ಲಿ ಗುತ್ತಿಗೆ ಕೊಡುವುದು, ರಾಯಧನ ವಸೂಲಿ, ತಪಾಸಣೆ ಮೂರನ್ನೂ ಒಂದೇ ಸಂಸ್ಥೆ ಮಾಡುತ್ತಿತ್ತು. ಅದನ್ನು ಒಡೆದು ಸುರಕ್ಷತಾ ಬ್ಯೂರೊ ಮಾಡಿದ್ದು 2011ರಲ್ಲಿ. ಕಲನ್ ವರದಿಯಿಂದ ಅಲ್ಲಿಗೆ 21 ವರ್ಷ. ಇಷ್ಟು ವಿಳಂಬಕ್ಕೆ ಸಮರ್ಥನೆ ಕಾಣದು. 2013ರಲ್ಲಿ ಯುರೋಪಿಯನ್ ಒಕ್ಕೂಟ ತನ್ನ ನಿರ್ದೇಶನದ ಮೂಲಕ ಈ ಬೇರ್ಪಡಿಕೆಯನ್ನು ಸದಸ್ಯ ದೇಶಗಳಿಗೆ ಕಾನೂನಿನ ಬಾಧ್ಯತೆಯಾಗಿಸಿತು.

ಫೋರಂನ ಸದಸ್ಯರಲ್ಲಿ ಭಾರತವಿಲ್ಲ. ಆದರೆ ಅಪಘಾತ ಇಲ್ಲಿಯೂ ನಡೆದಿದೆ. 2005ರ ಜುಲೈ 27ರಂದು ಭಾರತದ ಬಾಂಬೆ ಹೈ ಉತ್ತರ ತೈಲ ವೇದಿಕೆಗೆ ಗಾಯಾಳುವೊಬ್ಬರನ್ನು ದಾಟಿಸಲು ಬಂದ ಸಮುದ್ರ ಸುರಕ್ಷಾ ಹಡಗು ರೈಸರಿಗೆ ಬಡಿಯಿತು. ಬೆಂಕಿಯಲ್ಲಿ 22 ಮಂದಿ ಮೃತರಾದರು ಅಥವಾ ಕಾಣೆಯಾದರು. ಪೈಪರ್ ಆಲ್ಫಾವನ್ನು ನುಂಗಿದ್ದೂ ರೈಸರಿನ ಅನಿಲವೇ. ಭಾರತದಲ್ಲಿ 2008ರಲ್ಲಿ ಕಡಲ ತೈಲ ಕಾರ್ಯಾಚರಣೆಯ ಸುರಕ್ಷತೆಗೆಂದೇ ಪ್ರತ್ಯೇಕ ನಿಯಮಗಳು ಬಂದವು. ಅವುಗಳ ಜಾರಿಯ ಹೊಣೆ ಹೊತ್ತ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ, ತೈಲ ಉತ್ಪಾದನೆಯನ್ನೂ ನೋಡಿಕೊಳ್ಳುವ ಪೆಟ್ರೋಲಿಯಂ ಸಚಿವಾಲಯದ ಅಡಿಯಲ್ಲೇ ಇದೆ.