ಹತ್ತಿ ಬೀಜೋತ್ಪಾದನೆಯಲ್ಲಿ ಬಾಲಕಾರ್ಮಿಕ ಪದ್ಧತಿ ನಿರ್ಮೂಲನೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ತಳಿಯು 1972ರಲ್ಲಿ ಬಿಡುಗಡೆಯಾಯಿತು. ತದನಂತರ ಉತ್ತರ ಕರ್ನಾಟಕದ ಗ್ರಾಮಗಳಲ್ಲಿ ಹೈಬ್ರಿಡ್ ಹತ್ತಿ ಬೀಜೋತ್ಪಾದನೆಯು ವ್ಯಾಪಕವಾಗಿ ಬೆಳೆಯಿತು. ಇದರಿಂದ ರೈತರಿಗೆ ಆದಾಯ ದೊರೆತಿರುವುದಾದರೂ, ಈ ಕೆಲಸಕ್ಕೆ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ತೊಡಗಿಸುವ ಪದ್ಧತಿಯೂ ಬೆಳೆದುಬಂದಿತು.

ಕೆಲಸದ ಸ್ವರೂಪ ಮತ್ತು ಅಪಾಯ

ಗ್ರಾಮೀಣರು ‘ಕ್ರಾಸಿಂಗ್’ ಎಂದು ಕರೆಯುವ ಈ ಕಾರ್ಯದಲ್ಲಿ ಸಂಜೆ ಹೆಣ್ಣು ಸಾಲಿನ ಮೊಗ್ಗುಗಳ ಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಸ್ಪರ್ಶಿಸಲಾಗುತ್ತದೆ. ಹೂ ಬಿಡುವ ಅವಧಿಯುದ್ದಕ್ಕೂ ಇದನ್ನು ಪ್ರತಿದಿನ ಮಾಡಬೇಕಾಗುತ್ತದೆ. ಈ ಅವಧಿಯು ಶಾಲಾ ದಿನಗಳಲ್ಲಿಯೇ ಬರುವುದರಿಂದ ಮಗು ಮೊದಲು ಗೈರುಹಾಜರಾಗಿ, ಕ್ರಮೇಣ ಶಾಲೆಯನ್ನೇ ತೊರೆಯುತ್ತದೆ. ಕೀಟನಾಶಕ ಸಿಂಪಡಿಸಿದ ಗಿಡಗಳ ನಡುವೆ ದಿನವಿಡೀ ನಿಲ್ಲುವುದರಿಂದ ತಲೆನೋವು, ವಾಂತಿ, ಚರ್ಮದ ತುರಿಕೆ ಮುಂತಾದ ತೊಂದರೆಗಳು ಉಂಟಾಗುತ್ತವೆ. ಮಕ್ಕಳ ಬೆರಳುಗಳೇ ಈ ಕೆಲಸಕ್ಕೆ ತಕ್ಕವು ಎಂಬ ನಂಬಿಕೆ ನಿರಾಧಾರವಾದುದು. ವಯಸ್ಕರೂ ಇದನ್ನು ಸಮರ್ಪಕವಾಗಿ ನಿರ್ವಹಿಸಬಲ್ಲರು. ಮಕ್ಕಳನ್ನು ಕರೆಯುವುದಕ್ಕೆ ಕಡಿಮೆ ಕೂಲಿಯೇ ಮುಖ್ಯ ಕಾರಣ.

ಕಾನೂನಿನ ಉಪಬಂಧಗಳು

ಬಾಲ ಮತ್ತು ಕಿಶೋರ ಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯ್ದೆ, 1986ಕ್ಕೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ:

1. 14 ವರ್ಷದೊಳಗಿನ ಮಗುವನ್ನು ಯಾವುದೇ ಉದ್ಯೋಗದಲ್ಲಿ ನೇಮಿಸಿಕೊಳ್ಳುವುದು ನಿಷಿದ್ಧ. 14ರಿಂದ 18 ವರ್ಷದೊಳಗಿನ ಕಿಶೋರರನ್ನು ಗಣಿ, ಸ್ಫೋಟಕ ಹಾಗೂ ಇತರೆ ಅಪಾಯಕಾರಿ ಕೆಲಸಗಳಲ್ಲಿ ನೇಮಿಸಿಕೊಳ್ಳುವಂತಿಲ್ಲ.

2. ಶಾಲಾ ಅವಧಿಯ ನಂತರ ಅಥವಾ ರಜಾ ದಿನಗಳಲ್ಲಿ, ಅಪಾಯಕಾರಿಯಲ್ಲದ ಕೆಲಸದಲ್ಲಿ ಮಗುವು ತನ್ನ ಕುಟುಂಬಕ್ಕೆ ನೆರವಾಗಬಹುದು. ಸಂಜೆ 7ರಿಂದ ಬೆಳಿಗ್ಗೆ 8 ಗಂಟೆಯವರೆಗೆ ಈ ನೆರವಿಗೂ ಅವಕಾಶವಿಲ್ಲ. ತಾಯಿಯ ಜೊತೆಯಲ್ಲಿಯೇ ಹೋದರೂ, ಪರರ ಹೊಲದಲ್ಲಿ ಕೂಲಿಗೆ ದುಡಿಯುವುದು ಕುಟುಂಬಕ್ಕೆ ನೆರವಾಗುವುದೆಂದು ಪರಿಗಣಿಸಲ್ಪಡುವುದಿಲ್ಲ.

3. ಉಲ್ಲಂಘಿಸುವ ಮಾಲೀಕರಿಗೆ 6 ತಿಂಗಳಿನಿಂದ 2 ವರ್ಷಗಳವರೆಗೆ ಕಾರಾಗೃಹವಾಸ ಅಥವಾ ರೂ. 20,000ದಿಂದ ರೂ. 50,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಪರಾಧ ಮರುಕಳಿಸಿದಲ್ಲಿ 1ರಿಂದ 3 ವರ್ಷಗಳ ಕಾರಾಗೃಹವಾಸ.

4. ಸೂಚನೆ ನೀಡದೆ ಮಗುವು ಸತತ 30 ದಿನ ಶಾಲೆಗೆ ಗೈರುಹಾಜರಾದಲ್ಲಿ, ಮುಖ್ಯೋಪಾಧ್ಯಾಯರು ನೋಡಲ್ ಅಧಿಕಾರಿಗೆ ಮಾಹಿತಿ ನೀಡತಕ್ಕದ್ದು.

ಮಗುವಿನ ದುಡಿಮೆಯ ಮೇಲೆ ಪೋಷಕರು ಮುಂಗಡ ಪಡೆದು ಜೀತಕ್ಕೆ ಸಿಲುಕಿದ್ದಲ್ಲಿ, ಜೀತ ಪದ್ಧತಿ (ರದ್ದತಿ) ಅಧಿನಿಯಮ, 1976ರನ್ವಯ ಆ ಸಾಲವು ರದ್ದಾಗುತ್ತದೆ. ಮುಂಗಡದ ಭಯದಿಂದ ಮಗುವನ್ನು ಹೊಲಕ್ಕೆ ಕಳುಹಿಸಬೇಕಾಗಿಲ್ಲ.

ದೂರು ಸಲ್ಲಿಸುವ ವಿಧಾನ

ಯಾವುದೇ ವ್ಯಕ್ತಿಯು ದೂರು ನೀಡಬಹುದು. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಉಚಿತವಾಗಿ ಕರೆ ಮಾಡಬಹುದು. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಅಥವಾ ಪೊಲೀಸ್ ಠಾಣೆಗೂ ತಿಳಿಸಬಹುದು. ಗ್ರಾಮದ ಹೆಸರು, ಹೊಲವಿರುವ ಸ್ಥಳ, ಮಕ್ಕಳ ಅಂದಾಜು ಸಂಖ್ಯೆ ಮತ್ತು ಕೆಲಸದ ವೇಳೆಯನ್ನು ತಿಳಿಸಿದಲ್ಲಿ ತಪಾಸಣೆಗೆ ಅನುಕೂಲವಾಗುತ್ತದೆ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ವಿಷಯವನ್ನು ಪ್ರಸ್ತಾಪಿಸಬಹುದು.

ಪುನರ್ವಸತಿ ಮತ್ತು ಶಿಕ್ಷಣ

ಮಾಲೀಕರಿಂದ ವಸೂಲಾದ ದಂಡದ ಹಣ ಹಾಗೂ ಪ್ರತಿ ಮಗುವಿಗೆ ಸರ್ಕಾರವು ನೀಡುವ ರೂ. 15,000 ಪುನರ್ವಸತಿ ನಿಧಿಗೆ ಜಮೆಯಾಗುತ್ತದೆ. ಈ ಮೊತ್ತ ಮಗುವಿಗೇ ಸಲ್ಲತಕ್ಕದ್ದು. ವಯಸ್ಸಿನ ದೃಢೀಕರಣಕ್ಕೆ ಆಧಾರ್, ಶಾಲಾ ದಾಖಲೆ ಅಥವಾ ಜನನ ಪ್ರಮಾಣಪತ್ರ ಪರಿಗಣಿಸಲಾಗುತ್ತದೆ. ಇವು ಇಲ್ಲದಿದ್ದಲ್ಲಿ ಮಾತ್ರ ವೈದ್ಯಕೀಯ ಪರೀಕ್ಷೆ ನಡೆಸಲಾಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರನ್ವಯ 6ರಿಂದ 14 ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ದಾಖಲಿಸಿ, ವಿಶೇಷ ತರಬೇತಿ ನೀಡತಕ್ಕದ್ದು. ವಯಸ್ಸಿನ ದಾಖಲೆ ಇಲ್ಲವೆಂಬ ಅಥವಾ ವರ್ಗಾವಣೆ ಪತ್ರ ಬಂದಿಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಹಿಂದೆ ಬಾಲಕಾರ್ಮಿಕರ ವಿಶೇಷ ಶಾಲೆಗಳನ್ನು ನಡೆಸುತ್ತಿದ್ದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯು 2021ರಲ್ಲಿ ಸಮಗ್ರ ಶಿಕ್ಷಣ ಯೋಜನೆಯೊಂದಿಗೆ ವಿಲೀನಗೊಂಡಿರುವುದರಿಂದ, ಪೋಷಕರು ಸಮೀಪದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನೇ ಸಂಪರ್ಕಿಸುವುದು.

ಕ್ರಾಸಿಂಗ್ ಆರಂಭವಾಗುವ ಮುನ್ನವೇ ಬೀಜೋತ್ಪಾದಕ ರೈತರು ವಯಸ್ಕ ಕೂಲಿಗಾರರನ್ನು ಗೊತ್ತುಪಡಿಸಿಕೊಳ್ಳಬೇಕೆಂದೂ, ಪೋಷಕರು ಮಕ್ಕಳ ಶಾಲಾ ಹಾಜರಾತಿಯನ್ನು ಕಾಪಾಡಬೇಕೆಂದೂ ಕೋರಲಾಗಿದೆ.