ಅಟ್ಟದ ಕೆಳಗಿನ ಒಲೆ, ಬಾಣಂತಿ ಕೋಣೆಯ ಕೆಂಡ: ಬೆಚ್ಚಗಿರೋಕೆ ನಾವು ಕೊಟ್ಟ ಬೆಲೆ

ಕಳೆದ ಮಾಗಿಯಲ್ಲಿ ತಂಗಿ ಹೆರಿಗೆಗೆ ಹೊನ್ನವಳ್ಳಿಗೆ ಬಂದಿದ್ದಳು. ಕೂಸಿಗೆ ಹದಿನೆಂಟು ದಿನ. "ಕೋಣೆ ಥಂಡಿ ಹೊಡೀತೈತೆ. ಕಿಟಕಿ ಮುಚ್ಚಿ ಒಂದು ಬಾಂಡ್ಲಿ ಕೆಂಡ ಇಡ್ಲಾ" ಅಂದಳು ಅಜ್ಜಿ. "ಬ್ಯಾಡ ಕಣಜ್ಜಿ, ಹೀಟರ್ ತರ್ತೀನಿ" ಅಂದೆ. "ಬಿಲ್ಲು ಯಾರು ಕಟ್ತಾರೆ?" ಎಂಬ ಪ್ರಶ್ನೆ ಬಂತು.

ಉತ್ತರ ಹುಡುಕುತ್ತಾ ಹೋದರೆ ನಮ್ಮ ತೆಂಗಿನ ಸೀಮೆಯ ಮನೆಗಳ ಇತಿಹಾಸವೇ ಸಿಕ್ಕಿತು.

ಒಂದು ಬೆಂಕಿ, ಹಲವು ಕೆಲಸ

ಹಳೆಯ ಮಣ್ಣಿನ ಗೋಡೆಯ ಮನೆಯನ್ನು ನೆನಪು ಮಾಡಿಕೊಳ್ಳಿ. ಕೆಳಗೆ ಒಲೆ, ಮೇಲೆ ಅಟ್ಟ. ಅಟ್ಟದ ಮೇಲೆ ಮಟ್ಟೆ ಸಮೇತ ಕಾಯಿ. ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಲ್ಲೇ ಇದ್ದರೆ ಒಳಗಿನ ನೀರು ಆರುತ್ತದೆ, ಕೊಬ್ಬರಿ ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅದೇ ತಿಪಟೂರಿಗೆ ಹೆಸರು ತಂದ ಉಂಡೆ ಕೊಬ್ಬರಿ.

ಅಟ್ಟ ಅಡುಗೆಮನೆಯ ಮೇಲೆ ಬಂದ ಮನೆಗಳಲ್ಲಿ ಒಂದೇ ಬೆಂಕಿ ಮುದ್ದೆ ಬೇಯಿಸುತ್ತಿತ್ತು, ಕಾಯಿಯ ತೇವ ಎಳೆಯುತ್ತಿತ್ತು, ಗೋಡೆ ಕಾಯಿಸುತ್ತಿತ್ತು. ಬಚ್ಚಲ ಹಂಡೆಯ ಉರಿಗೆ ಕಾಯಿ ಮಟ್ಟೆ, ಸೋಗೆ, ಚಿಪ್ಪು. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ರಾತ್ರಿವರೆಗೂ ಹಿಡಿದಿಡುತ್ತಿತ್ತು. ಚಳಿ ದೇಶಗಳಲ್ಲಿ ಇಡೀ ಮನೆಗೆ ಒಂದು ಬಾಯ್ಲರ್ ಇಟ್ಟು ಪೈಪಿನಲ್ಲಿ ಬಿಸಿ ಹರಿಸುತ್ತಾರೆ. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ನೆಲದ ಕೆಳಗೆ ಬಿಸಿಗಾಳಿ ಹರಿಸುತ್ತಿದ್ದರು. ನಮ್ಮಲ್ಲಿ ಆ ಕೆಲಸವನ್ನು ಒಲೆಯೇ ಅಷ್ಟಿಷ್ಟು ಮಾಡುತ್ತಿತ್ತು.

ಒಂದೇ ಕೋಣೆ ಬೆಚ್ಚಗಾಗಬೇಕಾದರೆ ಕೆಂಡದ ಅಗ್ಗಿಷ್ಟಿಕೆ. ಅದು ಬಾಣಂತಿ ಕೋಣೆಗೆ ಮೀಸಲು. ಮಿಕ್ಕವರಿಗೆ ಕಂಬಳಿಯೇ ಗತಿ.

ಉಂಗ್ರದ ಲೆಕ್ಕ

ಈ ಬೆಂಕಿ ಪುಕ್ಕಟೆ ಎಂದೇ ನಾವು ನಂಬಿದ್ದೆವು. ಅದು ನಿಜವಲ್ಲ ಎಂದು ಲೆಕ್ಕ ಹಾಕಿದ್ದು ನಮ್ಮ ಜಿಲ್ಲೆಯಲ್ಲೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಕೇಂದ್ರ ಶುರುವಾಯಿತು. ಅದರ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಮನೆಮನೆಗೆ ಹೋಗಿ ಅಳೆದರು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆಯದ್ದು. ಆ ಸೌದೆಯಲ್ಲಿ ಬಹುಪಾಲು ಅಡುಗೆಗೆ ಮತ್ತು ಸ್ನಾನದ ನೀರಿಗೆ. ಅದನ್ನು ಹೊತ್ತು ತರುವವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು.

ಹಳೆಯ ಒಲೆಯಲ್ಲಿ ಉರಿಯ ದೊಡ್ಡ ಪಾಲು ಪಾತ್ರೆಗೆ ತಲುಪುತ್ತಲೇ ಇರಲಿಲ್ಲ. ಹೊಗೆ ಮಾತ್ರ ಮನೆ ತುಂಬುತ್ತಿತ್ತು. ಅದಕ್ಕೇ ಅವರು ಹೊಗೆಕೊಳವೆ ಇರುವ, ಒಂದೇ ಉರಿಗೆ ಮೂರು ಪಾತ್ರೆ ಕೂರುವ 'ಅಸ್ತ್ರ ಒಲೆ' ರೂಪಿಸಿದರು. ಸೌದೆ ಉಳಿಯಿತು, ಹೊಗೆ ಹೊರಗೆ ಹೋಯಿತು.

ಅಜ್ಜಿಯನ್ನು ಕೇಳಿದರೆ, "ಆಗ ಬಿಲ್ಲು ಬರ್ತಿರ್ಲಿಲ್ಲ, ಕಣ್ಣು ಉರೀತಿತ್ತು" ಅಂತಾಳೆ.

ಆರ್‌ಸಿಸಿ ಮನೆಯ ಚಳಿ

ಆಮೇಲೆ ಮನೆ ಬದಲಾಯಿತು. ಅಟ್ಟ ತೋಟದ ಶೆಡ್ಡಿಗೆ ಹೋಯಿತು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಇನ್ನಷ್ಟು ಮನೆಗೆ ಗ್ಯಾಸ್ ಬಂತು. ಮಣ್ಣಿನ ಗೋಡೆ ಹೋಗಿ ತೆಳು ಗೋಡೆ, ಆರ್‌ಸಿಸಿ ಸೂರು ಬಂದವು. ಒಂದು ಬೆಂಕಿ ಮಾಡುತ್ತಿದ್ದ ಕೆಲಸಕ್ಕೆ ಈಗ ಗ್ಯಾಸ್, ಗೀಸರ್, ಹೀಟರ್ ಬೇರೆಬೇರೆ. ಮಟ್ಟೆಯನ್ನು ನಾರಿನವರು, ಚಿಪ್ಪನ್ನು ಇದ್ದಿಲು ಮಾಡುವವರು ಕೊಳ್ಳುತ್ತಾರೆ. ಸುಟ್ಟರೆ ಅದೂ ದುಡ್ಡೇ.

ಈಗ ಹೀಟರ್ ಲೆಕ್ಕ. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿಯಿರಿ. 1000 ವಾಟ್ ಹೀಟರ್ ಒಂದು ಗಂಟೆ ಉರಿದರೆ 1 ಯೂನಿಟ್. ದಿನಕ್ಕೆ 3 ಗಂಟೆ ಅಂದರೆ 18 ರೂಪಾಯಿ, 40 ದಿನಕ್ಕೆ 720. ಇಡೀ ಮನೆ ಬೆಚ್ಚಗಿರಲಿ ಎಂದು ನಾಲ್ಕು ಕಡೆ ಇಟ್ಟರೆ 2880. ನಾಲ್ಕನ್ನೂ ಒಟ್ಟಿಗೆ ಹಾಕಿದರೆ 4 ಕಿಲೋವಾಟ್. ನಿಮ್ಮ ಮನೆಯ ಮಂಜೂರಾದ ಲೋಡ್ ಅಷ್ಟಿದೆಯೇ, ಬಿಲ್ಲು ತೆಗೆದು ನೋಡಿ.

2023ರ ಗೃಹಜ್ಯೋತಿ ಇದೆಯಲ್ಲ ಅನ್ನಬಹುದು. ಪುಕ್ಕಟೆ ಸಿಗುವುದು ಪೂರಾ 200 ಯೂನಿಟ್ ಅಲ್ಲ, ನಿಮ್ಮ ಹಿಂದಿನ ಸರಾಸರಿಯ ಮೇಲೆ ಶೇ 10. ಸರಾಸರಿ 70 ಇದ್ದ ಮನೆಗೆ 77. ಒಂದು ಹೀಟರ್ ತಿಂಗಳಿಗೆ 90 ಯೂನಿಟ್ ಸೇರಿಸಿದರೆ ಒಟ್ಟು 160. ಆಗ ಮಿಕ್ಕ 83ಕ್ಕೆ ಮಾತ್ರ ದುಡ್ಡು. ನಾಲ್ಕು ಹೀಟರ್ ಆದರೆ 430. 200 ದಾಟಿತು ಅಂದರೆ ಇಡೀ ಬಿಲ್ಲು ನಿಮ್ಮ ಮೇಲೆ.

ಇನ್ನೊಂದು ಲೆಕ್ಕ: 20 ಲೀಟರ್ ತಣ್ಣೀರನ್ನು ಸ್ನಾನದ ಹದಕ್ಕೆ ತರಲು ಮುಕ್ಕಾಲು ಯೂನಿಟ್ ಸಾಕು. ಕೋಣೆ ಕಾಯಿಸುವುದಕ್ಕಿಂತ ಮೈ ಕಾಯಿಸುವುದು ಅಗ್ಗ ಎಂಬುದು ಹಂಡೆ, ಕಂಬಳಿ ಇಟ್ಟುಕೊಂಡಿದ್ದ ಹಿರಿಯರಿಗೆ ಗೊತ್ತಿತ್ತು.

ಕೆಂಡದ ಮಾತು

ಹಂಚಿನ ಸಂದಿ, ಗವಾಕ್ಷಿ ಇದ್ದ ಮನೆಯಲ್ಲಿ ಕೆಂಡದ ಗಾಳಿ ಹೊರಗೆ ಹೋಗಲು ದಾರಿ ಇತ್ತು. ಆರ್‌ಸಿಸಿ ಕೋಣೆಯ ಕಿಟಕಿ ಬಾಗಿಲು ಭದ್ರ ಮಾಡಿದರೆ ದಾರಿ ಇಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮೇಲೇಳದೆ ಹೋಗಬಹುದು. ಕೆಂಡಕ್ಕೆ ಬೇಡ ಅಂದದ್ದು ಅದಕ್ಕೇ.

ಕೊನೆಗೆ ಒಂದೇ ಹೀಟರ್ ತಂದೆವು. ಕೂಸಿನ ಸ್ನಾನದ ಹೊತ್ತಿಗೆ, ನಸುಕಿನಲ್ಲಿ, ಬಟ್ಟೆಬರೆಯಿಂದ ದೂರ ಇಟ್ಟು, ಬಾಗಿಲು ತುಸು ತೆರೆದು ಉರಿಸಿದೆವು. ಹಿತ್ತಲ ಹಂಡೆಗೆ ಮಟ್ಟೆಯೇ. ಬಿಲ್ಲು ಬಂದಾಗ ಅಜ್ಜಿಗೆ ಓದಿ ಹೇಳಿದೆ. "ಬಾಣಂತನದ ಖರ್ಚಿನಾಗೆ ಇದೂ ಒಂದು ಬರ್ಕೊ" ಅಂದಳು.