ಚಿತ್ರ ಒಂದೇ, ಅಚ್ಚು ಬೇರೆ

ನಿಮ್ಮ ಬಳಿ ಇರುವ ನಾಲ್ಕಾರು ರೂಪಾಯಿ ನಾಣ್ಯಗಳನ್ನು ತೆಗೆದು ಇಸವಿಯ ಕೆಳಗೆ ನೋಡಿ. ಒಂದರಲ್ಲಿ ಪುಟ್ಟ ನಕ್ಷತ್ರ, ಇನ್ನೊಂದರಲ್ಲಿ ವಜ್ರಾಕೃತಿ, ಮತ್ತೊಂದರಲ್ಲಿ ದುಂಡು ಚುಕ್ಕೆ ಕಾಣಬಹುದು. ನಕ್ಷತ್ರ ಹೈದರಾಬಾದಿನ, ವಜ್ರ ಮುಂಬಯಿಯ, ಚುಕ್ಕೆ ನೋಯ್ಡಾದ ಟಂಕಸಾಲೆಯ ಗುರುತು. ಯಾವ ಗುರುತೂ ಇಲ್ಲದ್ದು ಕೋಲ್ಕತ್ತದ್ದು. ಯಂತ್ರದಿಂದ ತಯಾರಾಗುವ ನಾಣ್ಯಗಳಲ್ಲೇ ಇಂಥ ವ್ಯತ್ಯಾಸವಿದ್ದರೆ, ಕೈಯಿಂದ ಬಡಿದು ಮಾಡಿದ ಹಳೆಯ ನಾಣ್ಯಗಳ ಮಾತೇನು?

ವಿಜಯನಗರದ ವರಹವನ್ನೇ ತೆಗೆದುಕೊಳ್ಳೋಣ. ಸುಮಾರು 3.4 ಗ್ರಾಂ ತೂಗುವ, ಬೆರಳಿನ ಉಗುರಿನಷ್ಟೇ ಅಗಲದ ಚಿನ್ನದ ನಾಣ್ಯ ಅದು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್ ವರಹ, ಪ್ರತಾಪ, ಹಣ ಎಂಬ ಚಿನ್ನದ ನಾಣ್ಯಗಳನ್ನು ಹೆಸರಿಸಿದ್ದಾನೆ. ಕೃಷ್ಣದೇವರಾಯನ (1509–1529) ವರಹಗಳಲ್ಲಿ ಒಂದು ಬದಿಗೆ ಕುಳಿತ ಬಾಲಕೃಷ್ಣ, ಇನ್ನೊಂದು ಬದಿಗೆ ನಾಗರಿ ಲಿಪಿಯಲ್ಲಿ ರಾಜನ ಹೆಸರು ಇರುತ್ತದೆ. ಇಂಥ ಹತ್ತು ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಇನ್ನೊಂದರಂತಿರುವುದಿಲ್ಲ. ಒಂದರಲ್ಲಿ ಅಕ್ಷರ ಅಂಚಿನಾಚೆ ಹೋಗಿರುತ್ತದೆ. ಮತ್ತೊಂದರಲ್ಲಿ ಕೃಷ್ಣನ ಮುಖ ಮಸುಕಾಗಿರುತ್ತದೆ.

ಕಾರಣ ಸರಳ. ಕೆಳಗಿನ ಅಚ್ಚನ್ನು ಅಲುಗಾಡದಂತೆ ನೆಟ್ಟು, ಅದರ ಮೇಲೆ ತೂಗಿದ ಚಿನ್ನದ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿದ್ದರೆ ಚಿತ್ರದ ಒಂದು ಭಾಗ ಹೊರಗುಳಿಯುತ್ತಿತ್ತು. ಏಟು ಓರೆಯಾದರೆ ಚಿತ್ರವೂ ಓರೆ. ಅಚ್ಚು ಸವೆಯುತ್ತಿತ್ತು, ಬಿರುಕು ಬಿಡುತ್ತಿತ್ತು. ಆಗ ಹೊಸ ಅಚ್ಚನ್ನು ಕೈಯಿಂದಲೇ ಕೊರೆಯಬೇಕು. ಎಷ್ಟೇ ನುರಿತ ಕೈಯಾದರೂ ಎರಡನೆಯದು ಮೊದಲಿನದರ ಪಡಿಯಚ್ಚಾಗದು. ಇದನ್ನು ಯಾರೂ ದೋಷವೆಂದು ಎಣಿಸುತ್ತಿರಲಿಲ್ಲ. ಚಿನಿವಾರನಿಗೆ ಬೇಕಾಗಿದ್ದುದು ತೂಕ ಮತ್ತು ಚಿನ್ನದ ಒರೆ.

ಇತಿಹಾಸಕಾರನಿಗಾದರೋ ಈ ವ್ಯತ್ಯಾಸವೇ ಆಧಾರ. ಎರಡು ನಾಣ್ಯಗಳಲ್ಲಿ ಒಂದೇ ಬಿರುಕು ಒಂದೇ ಜಾಗದಲ್ಲಿದ್ದರೆ ಅವು ಒಂದೇ ಅಚ್ಚಿನವು. ಬಿರುಕು ಬೆಳೆದಿರುವ ನಾಣ್ಯ ಅನಂತರದ್ದು. ಹೀಗೆ, ಇಸವಿಯೇ ಇಲ್ಲದ ನಾಣ್ಯಗಳನ್ನೂ ಹಿಂದುಮುಂದಾಗಿ ಜೋಡಿಸಬಹುದು.

ಕೆಲವೊಮ್ಮೆ ಸಣ್ಣ ವ್ಯತ್ಯಾಸದಲ್ಲಿ ದೊಡ್ಡ ಸುದ್ದಿಯೇ ಇರುತ್ತದೆ. ಕೆಳದಿ ನಾಯಕರ ವರಹದ ಮೇಲೆ ಶಿವಪಾರ್ವತಿಯರಿದ್ದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೂ ಆ ಚಿತ್ರವನ್ನು ಹಾಗೆಯೇ ಉಳಿಸಿಕೊಂಡ. ಹಿಂಬದಿಯಲ್ಲಿ ಮಾತ್ರ ಪಾರಸಿ ಲಿಪಿಯಲ್ಲಿ ಅವನ ಹೆಸರಿನ ಮೊದಲ ಅಕ್ಷರ ಬಂದಿತು. ಮುಂಬದಿಯನ್ನಷ್ಟೇ ನೋಡಿ 'ಎಲ್ಲವೂ ಒಂದೇ' ಎಂದು ಪಕ್ಕಕ್ಕಿಟ್ಟವನಿಗೆ ರಾಜ್ಯವೇ ಕೈಬದಲಾದ ಸಂಗತಿ ತಿಳಿಯುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಮಾತು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ನಾಣ್ಯಗಳಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ; ಸವೆದು ಹೋಗುವುದು ಕೊಳೆಯೊಂದೇ ಅಲ್ಲ. ಹೊಲದಲ್ಲಿ ನಿಧಿ ಸಿಕ್ಕರೆ, ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ನೂರು ನಾಣ್ಯಗಳಲ್ಲಿ ಒಂದನ್ನು ಮಾದರಿಗೆಂದು ಉಳಿಸಿಕೊಂಡು ಉಳಿದವನ್ನು ಕರಗಿಸಿದರೆ ಚಿನ್ನವೇನೋ ಉಳಿದೀತು, ಆ ತೊಂಬತ್ತೊಂಬತ್ತು ಹೇಳಬೇಕಾಗಿದ್ದ ಮಾತು ಮತ್ತೆ ಸಿಗದು.